ಕೂದಲೆಳೆಯಷ್ಟು ಆಟ

ಸೂಲಗಿತ್ತಿಯ ಸೈಕಲ್ಲು ಎರಡು ತಿಂಗಳಲ್ಲಿ ಮೂರನೇ ಸಲ ಅಂಗಡಿಗೆ ಬಂತು. ಹಿಂಚಕ್ರದ ಹೊಟ್ಟೆಯಲ್ಲಿ ಯಾವಳೋ ರಕ್ಕಸಿ ಕೂತು ಮರಳು ಅಗಿಯುತ್ತಿದ್ದಳು, ಹಾಗಿತ್ತು ಸದ್ದು.

"ಸೇತುವೆಯಾಚೆ ಒಬ್ಬಳಿಗೆ ನೋವು ಶುರುವಾಗಿದೆ," ಎಂದಳು ಸೂಲಗಿತ್ತಿ, ಹೆಗಲ ಚೀಲ ಇಳಿಸದೆ. "ಚೊಚ್ಚಲು, ಇನ್ನೂ ಹೊತ್ತಿದೆ. ಆದರೂ ಗಂಟೆಯೊಳಗೆ ಹೊರಡಲೇಬೇಕು. ದಾರೀಲಿ ಇದು ಕೈಕೊಟ್ಟರೆ ನಾನೇ ಇದನ್ನ ಹೊತ್ಕೊಂಡು ಹೋಗ್ಲಾ?"

"ಇಲ್ಲಕ್ಕ, ಈಗ ನೋಡ್ತೀನಿ," ಎಂದಳು ಹುಡುಗಿ. ಸೋದರಮಾವ ಕಣ್ಣಿನ ಆಪರೇಷನ್ ಆಗಿ ಒಳಕೋಣೆ ಸೇರಿದ ಮೇಲೆ ಅಂಗಡಿ ಅವಳದೇ. ಹಿಂದಿನ ಎರಡು ಸಲವೂ ಈ ಚಕ್ರ ಬಿಚ್ಚಿ ಕಟ್ಟಿದವಳು ಅವಳೇ.

ಚಕ್ರದ ನಡುವಿನ ಹಬ್ಬು ಬಿಚ್ಚಿದಳು. ಗ್ರೀಸು ಇನ್ನೂ ಹೊಸದು. ನೀರು ಹೋಗಿಲ್ಲ. ಬೇರಿಂಗಿನ ಗುಂಡುಗಳು ಲೆಕ್ಕಕ್ಕೆ ಸರಿಯಾಗಿವೆ, ಆದರೆ ಮೈತುಂಬ ಸಿಡುಬು. ಗುಂಡುಗಳನ್ನು ಅದುಮಿ ಹಿಡಿಯುವ ಕೋನಿನ ಮೇಲೂ ಕುಳಿ. ಅಚ್ಚನ್ನು ಗಾಜಿನ ಮೇಲೆ ಉರುಳಿಸಿದಳು. ನೆಟ್ಟಗಿತ್ತು. ಹಾಗಾದರೆ ಯಾರ ದೃಷ್ಟಿ ತಾಗಿತು?

"ಆಟ ಇರಬಾರದು ಕಣೇ," ಒಳಗಿಂದ ಮಾವನ ದನಿ. "ಚಕ್ರ ಅಲ್ಲಾಡಿತೋ, ನನ್ನ ಮಾನ ಅಲ್ಲಾಡಿತು."

"ಕಣ್ಣು ಮುಚ್ಕೊಂಡು ಮಲಗಿ ಮಾವ."

"ಮುಚ್ಚಿಟ್ಟಿದ್ದಾರಲ್ಲ, ಇನ್ನೇನು ಮುಚ್ಚಲಿ."

ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ಜೊತೆ ಕೋನು. ಇವೂ ಹಾಳಾದರೆ ಬೇರೆ ಇಲ್ಲ. ಹೊಸ ಗುಂಡು ತುಂಬಿ ಅವನ್ನೇ ಹಾಕಿದಳು. ಆಟ ಎಳ್ಳಷ್ಟೂ ಉಳಿಯದಂತೆ ಬಿಗಿದಳು, ಎಂದಿನಂತೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಬೆಣ್ಣೆ. ಚಕ್ರವನ್ನು ಸೈಕಲ್ಲಿಗೆ ಕೂರಿಸಿ, ನಟ್ಟಿನ ಬದಲು ಅದನ್ನು ಬಿಗಿಹಿಡಿಯುವ ಲಿವರ್ ಮಡಚಿದಳು. ಚೈನು ಹಾಕುವ ಮುನ್ನ, ಏಕೋ ಮನಸ್ಸು ಒಪ್ಪದೆ ಒಮ್ಮೆ ತಿರುಗಿಸಿದಳು.

ಗರ್‌ ಎಂದಿತು.

ಹೊಸ ಗುಂಡು, ಹೊಸ ಕೋನು, ಅದೇ ರಕ್ಕಸಿ. ಲಿವರ್ ಬಿಚ್ಚಿದಳು. ಸದ್ದು ಇಲ್ಲ. ಮಡಚಿದಳು. ಗರ್‌.

ಮಾವ ಕಲಿಸಿದ್ದೆಲ್ಲ ನಟ್ಟಿನ ಸೈಕಲ್ಲಿನ ಪಾಠ. ಲಿವರಿನ ಸೈಕಲ್ಲು ಬೀದಿಗೆಲ್ಲ ಇದೊಂದೇ. ಲಿವರ್ ಮಡಚಿದಾಗ ಅಚ್ಚು ಎರಡೂ ಕಡೆಯಿಂದ ಹಿಂಡಿಸಿಕೊಂಡು, ಕೋನು ಗುಂಡುಗಳ ಕತ್ತು ಹಿಸುಕುತ್ತಿತ್ತು. ಹಿಸುಕಿಟ್ಟವಳು ತಾನೇ, ಎರಡು ಸಲ, ಅದೂ ಅಚ್ಚುಕಟ್ಟಾಗಿ.

ಲಿವರ್ ಬಿಚ್ಚಿ, ಕೋನನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟಳು. ಸೂಲಗಿತ್ತಿ ಬಗ್ಗಿ ಚಕ್ರ ಅಲುಗಾಡಿಸಿದಳು.

"ಇದೇನೇ, ಅಲ್ಲಾಡ್ತಿದೆ?"

"ತಾಳಿ ಅಕ್ಕ." ಲಿವರ್ ಮಡಚಿದಳು. ಅಲುಗಾಟ ಮಾಯ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಸದ್ದಿಲ್ಲದೆ.

"ಹಿಂದಿನ ಎರಡು ಸಲ ಏನಾಗಿತ್ತು ಹಾಗಾದ್ರೆ?"

ರಸ್ತೆಯ ಗುಂಡಿ ಎನ್ನಬಹುದಿತ್ತು. ನಾಲಿಗೆ ತುದಿವರೆಗೂ ಬಂದಿತ್ತು.

"ನಾನೇ ಕೆಡಿಸಿದ್ದೆ ಅಕ್ಕ. ಬಿಗಿ ಜಾಸ್ತಿ ಮಾಡಿದ್ದೆ."

ಒಳಗೆ ಮಾವ ಕೆಮ್ಮಿದರು. ಸೂಲಗಿತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಸರಿಯಾಗಿದೆ ಅಂತ ಎಷ್ಟು ಧೈರ್ಯ ನಿಂಗೆ?"

"ಮುಕ್ಕಾಲು ಪಾಲು."

"ಉಳಿದ ಕಾಲು ಪಾಲಿಗೆ ಸ್ಪ್ಯಾನರ್ ತಗೊಂಡು ಹಿಂದೆ ಬಾ."

ಮಾವನ ಸೈಕಲ್ಲು ಹತ್ತಿ ಹಿಂದೆ ಹೊರಟಳು. ಕಣ್ಣೆಲ್ಲ ಆ ಹಬ್ಬಿನ ಮೇಲೆ, ಕಿವಿಯೂ ಅಲ್ಲೇ. ಲಾರಿ ಹೋದಾಗೆಲ್ಲ ಮನಸ್ಸಿನಲ್ಲೇ ಲಾರಿಯವನಿಗೆ ಶಾಪ ಹಾಕಿದಳು, ಚಕ್ರದ ಸದ್ದು ಕೇಳದಲ್ಲ ಎಂದು. ಸೇತುವೆಯ ಏರು ಕಳೆಯಿತು. ಇಳಿಜಾರು ಕಳೆಯಿತು. ಹಸಿರು ಬಾಗಿಲಿನ ಮನೆಯ ಮುಂದೆ ಸೂಲಗಿತ್ತಿ ಇಳಿದು, ಸೈಕಲ್ಲನ್ನು ಅವಳ ಕೈಗೆ ದಾಟಿಸಿ, ಚೀಲ ಹಿಡಿದು ಒಳಗೆ ಓಡಿದಳು.

ಹುಡುಗಿ ಹಿಂಚಕ್ರವನ್ನು ಎತ್ತಿ ತಿರುಗಿಸಿ, ಹಬ್ಬಿಗೆ ಕಿವಿಯಿಟ್ಟಳು. ಬಹಳ ಹೊತ್ತು ಕೇಳಿದಳು. ಗರ್‌ ಇಲ್ಲ. ಆಮೇಲೆ, ಸ್ಪ್ಯಾನರನ್ನು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತಳು.