ಉಜ್ಜಬಾರದ ಚಿನ್ನ

ಶಹಾಪುರದ ಅರುಣಕುಮಾರನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಹಳೇ ಕಾಲದ ಚಿನ್ನದ ಕೈಗಡಿಯಾರ ಅಂದರೆ ಮಾತ್ರ ಊಟ ಬಿಟ್ಟು ಓಡುವ ಆಸಾಮಿ. ಏಳು ವರ್ಷ ಯಾದಗಿರಿ, ಗುರುಮಠಕಲ್ ಅಂತ ತಿರುಗಿ ಕೂಡಿಸಿದ್ದು ನಾಲ್ಕೇ ನಾಲ್ಕು. ಅವನ್ನು ಕಟ್ಟಿಕೊಳ್ಳುವುದಿಲ್ಲ, ಒರೆಸುವುದೂ ಇಲ್ಲ. ಡಬ್ಬಿ ತೆರೆದು ಒಬ್ಬನೇ ನೋಡುತ್ತ ಕೂಡುತ್ತಾನೆ. ಇಂಥವನಿಗೆ ಗಂಟುಬಿದ್ದ ಹೆಂಡತಿ ಪಂಚಶೀಲಾ, ಸುರಪುರದ ಶಾಲೆಯಲ್ಲಿ ಟೀಚರು. ಕೈ ಸುಮ್ಮನಿರದ ಹೆಣ್ಣುಮಗಳು. ಮನೆಯ ಹಿತ್ತಾಳೆ ಚೊಂಬು ವಾರಕ್ಕೊಮ್ಮೆ ಹುಣಸೆಹಣ್ಣು ಕಾಣದಿದ್ದರೆ ಅವಳಿಗೆ ನಿದ್ದೆ ಬಾರದು.

ಸೋಮವಾರ ಗಂಡನ ಹುಟ್ಟುಹಬ್ಬ. ಏನು ಕೊಡಲಿ ಅಂತ ತಲೆ ಕೆಡಿಸಿಕೊಂಡು, ಶನಿವಾರ ಶಾಲೆಗೆ ಹೋಗುವಾಗ ನಾಲ್ಕರಲ್ಲಿ ಎಲ್ಲಕ್ಕಿಂತ ಮಂಕಾದದ್ದನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು. ಸುರಪುರದಲ್ಲಿ ಬಂಗಾರದ ಕೆಲಸ ಮಾಡುವ ಹಂಪಣ್ಣ ಪತ್ತಾರನ ಕೈಗೆ ಕೊಟ್ಟಳು.

"ನಾಳಿ ಮುಂಜಾನಿನೇ ಪಾಲಿಶ್ ಹೊಡದು ಹೊಸದರಂಗ ಮಾಡ್ತೀನ್ರಿ ಟೀಚರ್," ಅಂದ ಅವನು.

ಭಾನುವಾರ ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅರುಣಕುಮಾರ ಫೋನು ನೋಡುತ್ತ ಲೊಚಗುಟ್ಟಿದ.

"ರಾಯಚೂರಿನ ನಮ್ಮ ದೋಸ್ತ ತನ್ನ ಗಡಿಯಾರಕ್ಕ ಪಾಲಿಶ್ ಹೊಡಿಸ್ಯಾನ. ಪೂರಾ ಹಾಳ ಮಾಡ್ಯಾನ."

"ಹೊಳದ್ರ ಚಲೋ ಅಲ್ಲೇನ್ರಿ?"

"ಹುಚ್ಚಿ, ಉಜ್ಜಿದ್ರ ಅಂಚು ಸವೀತದ, ಬೆನ್ನ ಮ್ಯಾಲಿನ ಸಣ್ಣ ಮುದ್ರಿ ಅಳಿಸಿ ಹೋಗ್ತದ. ತಯಾರಾದಾಗ ಹೆಂಗ ಇತ್ತೋ ಹಂಗೇ ಅದ ಅನ್ನೋದೇ ಅದರ ಕಿಮ್ಮತ್ತು. ಒಮ್ಮಿ ಉಜ್ಜಿದ್ರ ಯಾರಪ್ಪ ಬಂದ್ರೂ ತಿರುಗಿ ತರಾಕ ಆಗಂಗಿಲ್ಲ."

ಪಂಚಶೀಲಾಳ ಕೈಯೊಳಗಿನ ರೊಟ್ಟಿ ಹರಿಯಿತು. ಒಳಗೆ ಹೋಗಿ ಹಂಪಣ್ಣನಿಗೆ ಫೋನು ಹಚ್ಚಿದರೆ ಅದು ಬಂದ್. "ಶಾಲಿಯಾಗ ಮೀಟಿಂಗ್ ಅದರಿ," ಅಂತ ಸುಳ್ಳು ಹೇಳಿ, ಹಿಟ್ಟಿನ ಕೈ ತೊಳೆದಳೋ ಇಲ್ಲವೋ, ಬಸ್ ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಕೇಳದೆ ಮಾಡಿದ ಉಪಕಾರ ಉಪದ್ರವವೇ ಸರಿ. ಆ ಮನುಷ್ಯನಿಗೆ ಇನ್ನು ಮುಖ ತೋರಿಸುವುದು ಹೇಗೆ?

ಸುರಪುರದಲ್ಲಿ ಅಂಗಡಿಯ ಬಾಗಿಲು ಹಾಕಿತ್ತು. ಕೆಲಸ ಮುಗಿಸಿ ಮನೆಗೆ ಹೋಗಿದ್ದಾನೆ ಅಂತಲೇ ಅವಳಿಗೆ ಖಾತ್ರಿಯಾಯಿತು. ಹಿಂದಿನ ಓಣಿಯಲ್ಲಿದ್ದ ಅವನ ಮನೆಗೆ ಹೋದಳು. ಹಂಪಣ್ಣ ಮಿಂದು ಮಡಿಯಾಗಿ, ಮನೆಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ.

"ಗಡಿಯಾರ?" ಅಂದಳು.

"ತಪ್ಪಾತ್ರಿ ಟೀಚರ್, ಬೈಬ್ಯಾಡ್ರಿ. ಇವತ್ತ ಅಮಾಸಿ ಅನ್ನೋದು ಮರ್ತು ನಿಮಗ ಮಾತು ಕೊಟ್ಟೀನಿ. ಅಮಾಸಿ ದಿನ ನಾವು ಕೆಲಸಕ್ಕ ಕೈ ಹಚ್ಚಂಗಿಲ್ಲ. ನೀವು ಕೊಟ್ಟಿದ್ದು ಕೊಟ್ಟಂಗೇ ಅದ. ನಾಳಿ ಮೊದಲ ನಿಮ್ಮದೇ ಹಿಡೀತೀನಿ."

ಹುಣ್ಣಿಮೆಯನ್ನಷ್ಟೇ ಲೆಕ್ಕ ಇಡುವ ಬೌದ್ಧರ ಮನೆ ಅವಳದು. ಅಮಾವಾಸ್ಯೆಯ ನೆನಪು ಎಲ್ಲಿಂದ ಬರಬೇಕು? ಹೋದ ಜೀವ ಬಂದಂತಾಗಿ ಕಟ್ಟೆಯ ಮೇಲೆ ಕುಸಿದು ಕುಳಿತು ನಕ್ಕೇ ನಕ್ಕಳು. ಬೈಗುಳಕ್ಕೆ ತಯಾರಾಗಿದ್ದ ಹಂಪಣ್ಣ ಕಕ್ಕಾಬಿಕ್ಕಿಯಾಗಿ ನೀರು ತರಲು ಒಳಗೆ ಹೋದ. ಒಂದು ಚೊಂಬು ನೀರು ಕುಡಿದು, ಪಾಲಿಶ್ ಬೇಡವೇ ಬೇಡ ಅಂತ ಗಡಿಯಾರ ಇಸಿದುಕೊಂಡು ಹೊರಟಳು.

ಸುಮ್ಮನೆ ಡಬ್ಬಿಯಲ್ಲಿಟ್ಟುಬಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ ಅಂತ ಬಸ್ ಇಳಿಯುವ ತನಕ ಅಂದುಕೊಂಡಿದ್ದಳು. ಗಂಡನ ಮುಖ ಕಂಡದ್ದೇ ತಡ, ಗಡಿಯಾರ ಅವನ ಕೈಗಿಟ್ಟು ಎಲ್ಲವನ್ನೂ ಒದರಿಬಿಟ್ಟಳು.

ಅರುಣಕುಮಾರ ಭೂತಗನ್ನಡಿ ಹಿಡಿದು ಅಂಚು ನೋಡಿದ, ತಿರುವಿ ಬೆನ್ನು ನೋಡಿದ.

"ಎಲ್ಲ ಹಂಗೇ ಅದ," ಅಂದು ಅವನು ಹಾಸಿಗೆಯ ಮೇಲೆ ಕುಳಿತ. ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು, "ತಪ್ಪು ನಂದೂ ಅದ. ಏಳು ವರ್ಷದಾಗ ಒಂದಿನಾನೂ ನಿನ್ನ ಕೂಡಿಸಿಕೊಂಡು ತೋರಿಸಿಲ್ಲ," ಅಂದ.

"ತೋರಿಸಿದ್ರೂ ನಾ ನೋಡ್ತಿದ್ದಿಲ್ಲ ಬಿಡ್ರಿ," ಅಂದಳು ಪಂಚಶೀಲಾ, ಇದ್ದದ್ದನ್ನು ಇದ್ದಂತೆ. ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕುಳಿತು ಅವನ ಕೈಯಿಂದ ಭೂತಗನ್ನಡಿ ತಗೊಂಡಳು. "ಈಗ ತೋರಿಸ್ರಿ. ಎಲ್ಲಿ ಅದ ಆ ಮುದ್ರಿ?"