ಶಟರ್ ಮಾಮ ಮತ್ತು ಒಂಬತ್ತನೇ ಪ್ರಶ್ನೆ

ಶಟರ್ ರಿಪೇರಿಯವನು ಒಂದು ಬೆಳಿಗ್ಗೆ ಸೀನಿದ ರಭಸಕ್ಕೆ ಪೇಟೆ ಬೀದಿಯ ಇಪ್ಪತ್ತೇಳು ಅಂಗಡಿಗಳ ಶಟರುಗಳೂ ಬೀಗ ಸಮೇತ ಮೇಲೆದ್ದು ನಿಂತವು. ಬ್ಯಾಂಕಿನದು ಮಾತ್ರ ಅರ್ಧಕ್ಕೇ ನಿಂತಿತು. ಅದಕ್ಕೆ ಗ್ರೀಸ್ ಕಡಿಮೆಯಾಗಿತ್ತು.

ಇಂಥ ಮನುಷ್ಯನನ್ನು ಬೀದಿಯವರು ಕರೆಯುವುದು ಶಟರ್ ಮಾಮ ಎಂದು. ಅಂಗಡಿಗಳಿಗೆ ಶಟರ್ ಕೂರಿಸುವುದು, ಸ್ಪ್ರಿಂಗ್ ಬದಲಿಸುವುದು, ಬಾಗಿದ ಪಟ್ಟಿ ನೇರ ಮಾಡುವುದು ಅವನ ಕೆಲಸ. ಕಾಯಿಲೆಗೂ ಅವನಿಗೂ ಮೊದಲಿನಿಂದಲೂ ಮಾತಿಲ್ಲ ಕತೆಯಿಲ್ಲ. ಜ್ವರ ಅವನ ಬಾಗಿಲವರೆಗೆ ಬಂದು, ಒಳಗಿರುವವನು ಯಾರೆಂದು ವಿಚಾರಿಸಿಕೊಂಡು, ಕ್ಷಮೆ ಕೇಳಿ ಪಕ್ಕದ ಮನೆಗೆ ಹೋಗುತ್ತದೆ. ಇದೆಲ್ಲ ಅವನ ಬಾಯಿಂದಲೇ ತಿಳಿದದ್ದು.

ಹೀಗಿರುವಾಗ ವರ್ತಕರ ಸಂಘದವರು ಉಚಿತ ರಕ್ತ ತಪಾಸಣೆ ಇಟ್ಟರು. ಶಟರ್ ಮಾಮನ ಲಿವರಿನ ಅಂಕಿ ಇರಬೇಕಾದ್ದಕ್ಕಿಂತ ಐದು ಪಟ್ಟು ಹೆಚ್ಚು ಬಂತು.

"ನೋಡಿದ್ಯಾ, ಇದರಲ್ಲೂ ನಾನೇ ಮುಂದು," ಎಂದು ಹೆಂಡತಿಗೆ ಚೀಟಿ ತೋರಿಸಿದ.

"ಅದು ಮಾರ್ಕ್ಸ್ ಕಾರ್ಡ್ ಅಲ್ಲ. ನಡೀರಿ ದೊಡ್ಡಾಸ್ಪತ್ರೆಗೆ," ಎಂದಳು ಅವಳು.

ದೊಡ್ಡಾಸ್ಪತ್ರೆಯಲ್ಲೂ ಅದೇ ಅಂಕಿ. ಅವನು ಕುಡಿಯುವವನಲ್ಲ. ಕಾಮಾಲೆ ತರುವ ವೈರಸ್ ಸಿಗಲಿಲ್ಲ, ಲಿವರಿನಲ್ಲಿ ಕೊಬ್ಬೂ ಇಲ್ಲ. ಡಾಕ್ಟರಿಗೆ ಕಾರಣ ತಿಳಿಯಲಿಲ್ಲ. ಪಕ್ಕೆಯಿಂದ ಸೂಜಿ ಹಾಕಿ ಲಿವರಿನ ಒಂದು ಎಳೆ ತೆಗೆದು ನೋಡೋಣ, ಗುರುವಾರ ಬನ್ನಿ ಎಂದರು.

ಅವನ ಅಕ್ಕನ ಮಗಳು ಅದೇ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿದ್ದಳು. ಗಾಜಿನ ತಟ್ಟೆಯಲ್ಲಿ ಲಿವರಿನ ಜೀವಕೋಶಗಳನ್ನು ಬೆಳೆಸುವುದು ಅವಳ ಕೆಲಸ. ಭಾನುವಾರ ಬೆಳಿಗ್ಗೆ ಒಂದು ಫಾರಂ ಹಿಡಿದು ಮನೆಗೇ ಬಂದಳು.

"ಮಾಮ, ಹನ್ನೆರಡು ಪ್ರಶ್ನೆ ಇದೆ. ನಿಜ ಹೇಳ್ಬೇಕು."

"ನಾನು ಯಾವತ್ತು ಸುಳ್ಳು ಹೇಳಿದ್ದೀನಿ?"

ಒಳಗಿನಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು.

"ಅಲ್ಲ ಪುಟ್ಟಿ, ಲಿವರ್ ಕುಯ್ದು ಡಬ್ಬಿಗೆ ಹಾಕಿ ಮಾರ್ತೀರಂತೆ? ಬೀಗದ ಅಂಗಡಿಯವನು ಹೇಳ್ತಿದ್ದ," ಎಂದ ಮಾಮ.

"ಅವರು ಬೀಗ ನೋಡ್ಕೊಳ್ಲಿ. ಸೂಜೀಲಿ ಬರೋದು ಬೆಂಕಿಕಡ್ಡಿಗಿಂತ ಸಣ್ಣ ಎಳೆ. ಮೊದಲು ನಿಮ್ಮ ರೋಗ ನೋಡೋಕೆ. ಮಿಕ್ಕಿದ್ದನ್ನ ನೀವು ಸಹಿ ಹಾಕಿದ್ರೆ ಮಾತ್ರ ಸಂಶೋಧನೆಗೆ ತಗೋತೀವಿ. ಬೇಡ ಅಂದ್ರೂ ಚಿಕಿತ್ಸೆಗೇನೂ ಕೊರತೆ ಇಲ್ಲ. ನಿಮ್ಮ ಹೆಸರೂ ಇರಲ್ಲ, ಬರೀ ನಂಬರ್."

"ಹಾಗಾದ್ರೆ ಒಂದನೇ ನಂಬರ್ ಕೊಡು."

ಅವಳು ಫೋನಿನಲ್ಲಿ ಫೋಟೊ ತೋರಿಸಿದಳು. ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಕೋಶಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

"ಇದು ಲಿವರಿನ ಕೋಶ. ನುಂಗಿದ ಔಷಧಿಯನ್ನೆಲ್ಲ ಒಡೆದು ಹೊರಗೆ ಸಾಗಿಸೋದು ಇವೇ. ಕೆಲವು ಸತ್ರೆ ಪಕ್ಕದವು ಬೆಳೆದು ಜಾಗ ತುಂಬುತ್ತೆ. ಆದ್ರೆ ಪೆಟ್ಟು ಬೀಳ್ತಾನೇ ಇದ್ರೆ ಲಿವರೇ ಕಲೆ ಕಟ್ಟಿ ಗಟ್ಟಿಯಾಗುತ್ತೆ. ನೋಡಿ, ಕೆಲವು ಕೋಶದ ನಡುವೆ ಎರಡೆರಡು ಚುಕ್ಕೆ ಇದೆ, ಅದು ಕೋಶದ ಕೇಂದ್ರ."

"ನನ್ನದರಲ್ಲಿ ಆರಿರುತ್ತೆ. ಬರ್ಕೋ."

ಪ್ರಶ್ನೆಗಳು ಸಾಗಿದವು. ಒಂಬತ್ತನೆಯದು ಬಂತು.

"ಗುಳಿಗೆ, ಪುಡಿ, ಟಾನಿಕ್, ಏನಾದ್ರೂ ತಗೋತೀರಾ?"

"ಗುಳಿಗೆ ಗುಂಡಗಿರುತ್ತೋ ಚೌಕವಾಗಿರುತ್ತೋ, ಅದೇ ಗೊತ್ತಿಲ್ಲ ನನಗೆ."

ಅವಳು 'ಇಲ್ಲ' ಎಂದು ಬರೆದಳು. ಉಳಿದ ಮೂರು ಪ್ರಶ್ನೆ ಮುಗಿದ ಕೂಡಲೇ ಅವನು ಬೇಗ ಬೇಗ ಸಹಿ ಹಾಕಿದ. ಪೆನ್ನು ವಾಪಸು ಕೊಡಲು ಕೈ ಎತ್ತಿದಾಗ ಮುಖ ಕಿವುಚಿದ್ದನ್ನು ಅವಳು ನೋಡಿಬಿಟ್ಟಳು.

"ಭುಜ ನೋಯ್ತಿದ್ಯಾ ಮಾಮ?"

"ಯಾರ ಭುಜ? ನನ್ನದಾ? ಬಾ ಇಲ್ಲಿ."

ಅಂಗಡಿ ಇದ್ದದ್ದು ಮನೆಯ ಮುಂಭಾಗದಲ್ಲೇ. ಭಾನುವಾರವಾದ್ದರಿಂದ ಶಟರ್ ಮುಚ್ಚಿತ್ತು. ಹೆಂಡತಿ, ಅಕ್ಕನ ಮಗಳು ಇಬ್ಬರೂ ನೋಡುತ್ತಿರುವಂತೆ ಅವನು ಒಂದೇ ಕೈ ಹಾಕಿ ಎಳೆದ. ಶಟರ್ ಧಡಾರನೆ ಮೇಲಕ್ಕೆ ಹೋಗಿ ಗುದ್ದಿತು. ಗುದ್ದಿದ ಹೊಡೆತಕ್ಕೆ ಸುರುಳಿಯನ್ನು ಮುಚ್ಚಿದ್ದ ತಗಡಿನ ಡಬ್ಬದ ಅಡಿ ಬಿಚ್ಚಿಕೊಂಡಿತು. ಅಲ್ಲಿಂದ ಅವನ ತಲೆಯ ಮೇಲೆ ಖಾಲಿ ಗುಳಿಗೆ ಪಟ್ಟಿಗಳು ಸುರಿದವು. ಒಂದು ಲಾರಿ ಲೋಡು. ಗುಡಿಸಿದಾಗ ಒಂದು ಮೊರ ತುಂಬಿತು, ಅಷ್ಟೇ. ಜೊತೆಗೆ ಹೆಸರಿಲ್ಲದ ಪುಡಿಯ ಪೊಟ್ಟಣಗಳು.

"ಅದು ಶಟರಿಗೆ ಹಾಕೋದು," ಎಂದ.

ಹೆಂಡತಿ ಒಂದು ಪಟ್ಟಿ ಎತ್ತಿಕೊಂಡು ಓದಿದಳು. "ನೆಗಡಿ ಗುಳಿಗೆ ಅಂತಿದೆ. ಶಟರಿಗೆ ನೆಗಡಿಯಾಗಿತ್ತಾ?"

ಅವನು ಮೆಟ್ಟಿಲ ಮೇಲೆ ಕುಳಿತ.

"ಭುಜ ಎಂಟು ತಿಂಗಳಿಂದ ನೋಯ್ತಿದೆ. ಬೆಳಿಗ್ಗೆ ಎರಡು ನೋವಿನ ಗುಳಿಗೆ, ಮಧ್ಯಾಹ್ನ ಎರಡು, ಸಂಜೆ ಎರಡು. ಮೈಭಾರ ಅನ್ಸಿದ್ರೆ ಮೇಲಿಂದ ನೆಗಡೀದು. ಪುಡಿ ಬಸ್ ಸ್ಟ್ಯಾಂಡಿನಲ್ಲಿ ಮಾರ್ತಿದ್ದ, ಶಕ್ತಿ ಬರುತ್ತೆ ಅಂದ."

"ನನಗೆ ಹೇಳೋಕೇನಾಗಿತ್ತು ನಿಮಗೆ?"

"ಶಟರ್ ಎತ್ತೋಕಾಗದ ಶಟರ್ ರಿಪೇರಿಯವನನ್ನ ಯಾರೇ ಕರೀತಾರೆ?"

ಅಕ್ಕನ ಮಗಳು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದಳು.

"ಇಲ್ಲಿ ಸಣ್ಣಕ್ಷರ ಓದಿ ಮಾಮ. ಎರಡರ ಹೆಸರು ಬೇರೆ, ಒಳಗಿರೋದು ಒಂದೇ ಪ್ಯಾರಾಸಿಟಮಾಲ್. ಹೇಳಿದ ಪ್ರಮಾಣದಲ್ಲಿ ತಗೊಂಡ್ರೆ ಒಳ್ಳೇ ಔಷಧಿನೇ. ಲೆಕ್ಕ ಮೀರಿದ್ರೆ ಕೋಶಕ್ಕೆ ಒಡೆದು ಹಾಕೋಕೆ ಆಗಲ್ಲ, ಅದೇ ಸಾಯುತ್ತೆ. ಪುಡೀಲಿ ಏನಿದೆ ಅಂತ ಮಾರಿದವನಿಗೂ ಗೊತ್ತಿರಲ್ಲ."

"ಲಿವರ್ ನನಗೆ ಒಂದು ದಿನಾನೂ ನೋಯಲಿಲ್ಲ ಕಣೇ."

"ಅದು ಕೆಟ್ಟು ಬಹಳ ದಿನ ಆಗೋವರೆಗೂ ನೋಯೋದೇ ಇಲ್ಲ. ಇನ್ನೊಂದು ಮಾತು. ನಿಮ್ಮ 'ಇಲ್ಲ' ನಂಬಿ ನಾವು ಕಾರಣ ಬೇರೆ ಕಡೆ ಹುಡುಕ್ತಿದ್ವಿ. ಸಂಶೋಧನೆಗೆ ಸೇರೋ ಈ ಉತ್ತರ ನೋಡ್ಕೊಂಡೇ ನಾಳೆ ಗುರುತು ಪರಿಚಯ ಇಲ್ಲದ ಒಬ್ಬರಿಗೆ ಔಷಧಿ ಬರೀತಾರೆ. ನೀವು ಬಿಟ್ಟ ಬುರುಡೆ ಅವರ ಮೈಗೆ ಹೋಗುತ್ತೆ."

ಬುರುಡೆ ಬಿಡುವುದು ಅವನ ಜೀವಮಾನದ ಕಸುಬು. ಅದು ಇನ್ನೊಬ್ಬರ ಮೈಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

"ಒಂಬತ್ತನೇದು ಹೊಡೆದು ಹಾಕು. ಹೊಸದಾಗಿ ಬರ್ಕೋ," ಎಂದ.

ಮರುದಿನ ಮೂವರೂ ಪಟ್ಟಿಗಳನ್ನೂ ಪೊಟ್ಟಣಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮುಂದಿಟ್ಟರು. ಯಾವುದರಿಂದ ಎಷ್ಟು ಹಾನಿಯಾಗಿದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಎಲ್ಲವನ್ನೂ ನಿಲ್ಲಿಸಿದರು, ಸೂಜಿ ಪರೀಕ್ಷೆಯನ್ನು ಮುಂದೂಡಿದರು, ಭುಜಕ್ಕೆ ವ್ಯಾಯಾಮ ಹೇಳಿಕೊಟ್ಟರು. ಆಗಾಗ ರಕ್ತ ಪರೀಕ್ಷೆ ನಡೆಯಿತು. ಅಂಕಿ ಇಳಿಯುತ್ತಾ ಬಂತು.

ಅಂಕಿ ಸರಿಹೋದ ದಿನ ಅವನು ಬೀಗದ ಅಂಗಡಿಯ ಮುಂದೆ ನಿಂತು ಹೇಳುತ್ತಿದ್ದ: "ಡಾಕ್ಟರೇ ಕೈ ಮುಗಿದ್ರು. ನನ್ನ ಲಿವರ್ ಒಂದೇ ರಾತ್ರೀಲಿ ಹೊಸದಾಗಿ ಬೆಳೀತು."

"ಮೂರು ತಿಂಗಳು," ಎಂದಳು ಹಿಂದಿನಿಂದ ಹೆಂಡತಿ. "ಇವರಿಗೆ ನಿಜ ಹೇಳಿ. ಇವರೂ ಸೊಂಟ ನೋವಿಗೆ ಅದೇ ಪುಡಿ ತಿಂತಿದ್ದಾರೆ."

ಬೀಗದವನು ತಲೆ ತಗ್ಗಿಸಿದ. ಶಟರ್ ಮಾಮ ಗಂಟಲು ಸರಿಮಾಡಿಕೊಂಡ.

"ಮೂರು ತಿಂಗಳು ಹಿಡೀತು ಕಣಯ್ಯ. ಕೈ ಮುಗಿದಿದ್ದು ನಾನು, ಡಾಕ್ಟರಲ್ಲ. ಕದ್ದು ಗುಳಿಗೆ ನುಂಗ್ತಿದ್ದೆ, ಕೇಳಿದವರಿಗೆ ಇಲ್ಲ ಅಂದೆ. ತುಂಬ ಹೆದರಿದ್ದೆ. ಆ ಪುಡಿ ತಗೊಂಡು ಬಾ, ಈಗಲೇ ಆಸ್ಪತ್ರೆಗೆ ಹೋಗೋಣ."

ಓದುಗರೇ, ನೀವು ನುಂಗುವ ಪ್ರತಿಯೊಂದು ಗುಳಿಗೆಯನ್ನೂ ಪುಡಿಯನ್ನೂ ಡಾಕ್ಟರಿಗೆ ತೋರಿಸಿ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಹೆಸರಿಲ್ಲದ ಪುಡಿಯನ್ನು ಬಾಯಿಗೆ ಹಾಕಬೇಡಿ. ಎರಡು ಬಗೆಯ ಗುಳಿಗೆ ಒಟ್ಟಿಗೆ ತೆಗೆದುಕೊಳ್ಳುವ ಮೊದಲು ಒಳಗಿರುವುದು ಒಂದೇ ಔಷಧಿಯೇ ಎಂದು ಅಂಗಡಿಯವರನ್ನು ಕೇಳಿ. ಸಂಶೋಧನೆಯವರು ಬಂದರೆ ನಿಮ್ಮ ಅನುಮಾನಗಳನ್ನೆಲ್ಲ ಕೇಳಿ. ಒಪ್ಪುವುದು ಬಿಡುವುದು ನಿಮ್ಮಿಷ್ಟ. ಒಪ್ಪಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಸಿ.