ರಾಣಿ ಬಣ್ಣ

ಅಂಗಡಿಯವನು ಇನ್ನೊಂದು ಸೀರೆ ಬಿಚ್ಚಿ, ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು ತೋರಿಸಿದಾಗ ಬಸಲಿಂಗಪ್ಪನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಪಾಪ, ಅವನದೇನೂ ತಪ್ಪಿರಲಿಲ್ಲ. ಬೆಳಗಾವಿಯ ಖಡೇಬಜಾರಿನಲ್ಲಿ ಬಾಗಿಲು ತೆರೆದೊಡನೆ ಬಂದ ಮೊದಲ ಗಿರಾಕಿ. ಯಾರಿಗೆ ಸೀರೆ ಎಂದರೆ ತಂಗಿಗೆ ಎಂದಿದ್ದ, ಏನು ವಿಶೇಷ ಎಂದರೆ ಕಾರ್ಯವಿದೆ ಎಂದಿದ್ದ. ಕಾರ್ಯ ಎಂದರೆ ಅಂಗಡಿಯವನಿಗೆ ಮದುವೆ, ಇಲ್ಲವೇ ಸೀಮಂತ. ಸತ್ತ ತಂಗಿಗೆ ಎಂದು ಹೇಳಲು ಬಸಲಿಂಗಪ್ಪನ ನಾಲಿಗೆ ಏಳಲಿಲ್ಲ.

"ಅಕ್ಕಾರ ಮೈಬಣ್ಣ ಹ್ಯಾಂಗರೀ? ಕೆಂಪಗದಾರೋ, ಸಾದಗಪ್ಪೋ?"

"ಕಪ್ಪ."

"ಹಂಗಾರ ಅವರನ್ನ ಕರ್ಕೊಂಡ ಬರ್ರಿ. ಮುಖಕ್ಕ ಹಿಡದ ನೋಡಿದ್ರ ಗೊತ್ತಾಗತೈತಿ."

ಬಸಲಿಂಗಪ್ಪ ಮುಂದಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿದ. ಖಾನಾಪುರದಿಂದ ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗ ಉಳವಪ್ಪ, ಹೊತ್ತಾಗುತ್ತಿದೆ, ಮುತ್ತೈದೆ ಸತ್ತರೆ ಉಡಿಸುವುದು ಹಸಿರು, ಒಂದು ಹಸಿರು ಎತ್ತಿಕೋ, ನಡೆ ಎಂದು ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದ. ಅವನು ಹೇಳುವುದು ಸರಿಯೇ. ಗಂಡನಿಗಿಂತ ಮೊದಲು ತೀರಿಕೊಂಡ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಅದು ಬರುವವರೆಗೆ ಹೆಣ ಏಳುವುದಿಲ್ಲ. ಆದರೆ ಸಾವಿನ ಸುದ್ದಿ ತಂದವನೇ ತಂಗಿ ಸಂಗವ್ವನ ಮಗಳು ಗಂಗಾದೇವಿಯ ಮಾತನ್ನೂ ತಂದಿದ್ದ. ಮಾಮಾ ಮಣ್ಣಿಗೆ ಬರಲಿ, ಅವನ ಸೀರೆ ಮಾತ್ರ ನಮ್ಮವ್ವನ ಮೈ ಮುಟ್ಟಬಾರದು ಎಂದಿದ್ದಳಂತೆ. ತವರಿನ ಸೀರೆ ಇಲ್ಲದೆ ತಂಗಿ ಮಣ್ಣಾದರೆ ತಾನು ಇದ್ದೂ ಇಲ್ಲದ ಅಣ್ಣ. ರಾತ್ರಿಯಿಂದ ಈ ಒಂದು ವಿಚಾರ ಅವನನ್ನು ಬಿಟ್ಟಿರಲಿಲ್ಲ.

ಹಸಿರು ಸೀರೆಯ ಮೇಲೆ ಕೈ ಇಟ್ಟ. ಆಮೇಲೆ ಆ ಕೈ ತಾನಾಗಿಯೇ ಮೇಲಿನ ಸಾಲಿನ ಕಡೆ ಹೋಯಿತು.

"ಆ ರಾಣಿ ಬಣ್ಣದ್ದ ತಗೀರಿ," ಎಂದ.

*

ತಂದೆ ಹೋದ ಮೇಲೆ ಸಂಗವ್ವನ ಮದುವೆ ಮಾಡಿಕೊಟ್ಟವನು ಬಸಲಿಂಗಪ್ಪನೇ. ಖಾನಾಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಹಿಟ್ಟು ಸಣ್ಣದಾಯಿತೇ ದಪ್ಪವಾಯಿತೇ ಎಂದು ಬೆರಳಲ್ಲೇ ಹೇಳುವ ಅವನು ಲೋಕದ ಉಳಿದೆಲ್ಲವೂ ತನಗೆ ಹಾಗೆಯೇ ತಿಳಿಯುತ್ತದೆಂದು ನಂಬಿದ್ದ. ಕಪ್ಪು ಮೈಗೆ ತಿಳಿ ಬಣ್ಣವೇ ಮರ್ಯಾದೆ ಎಂಬುದು ಅವನ ತೀರ್ಮಾನ. ಕನ್ಯೆ ನೋಡಲು ಬಂದ ದಿನ ಸಂಗವ್ವನಿಗೆ ಉಡಿಸಿದ್ದು ಮಾಸಲು ನೀಲಿ. ಆಮೇಲೆ ವರ್ಷವರ್ಷವೂ ನಾಗರಪಂಚಮಿಗೆ ಬೆಳಗಾವಿಯ ಶಹಾಪುರದ ಅವಳ ಮನೆಗೆ ಅವನು ಒಯ್ಯುತ್ತಿದ್ದದ್ದು ಬೂದಿ, ಮಣ್ಣು, ಅಕ್ಕಿ ತೊಳೆದ ನೀರಿನಂಥ ಬಣ್ಣಗಳು. ಅವನ್ನುಟ್ಟರೆ ಜ್ವರ ಬಿಟ್ಟೆದ್ದವಳ ಹಾಗೆ ಕಾಣುತ್ತೀ ಎಂದು ಓಣಿಯ ಹೆಂಗಸರು ಕಾಡಿಸುತ್ತಿದ್ದರು. ಅಣ್ಣ ತಂದಿದ್ದಾನೆ, ಉಡಬೇಕು ಎಂದು ಅವಳು ನಗುತ್ತಿದ್ದಳು. ಗಂಡ ನಾಗಲಿಂಗಪ್ಪ ಆಟೋ ನಗರದ ಗ್ಯಾರೇಜಿನಿಂದ ಎಣ್ಣೆಗೈಯಲ್ಲಿ ಬರುವವನು. ಸೀರೆಯ ಬಣ್ಣ ನೋಡುವ ವ್ಯವಧಾನ ಅವನಿಗಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಬಸಲಿಂಗಪ್ಪನ ಮಗಳ ಮದುವೆ. ಸಂಗವ್ವ ಹಪ್ಪಳ ಸಂಡಿಗೆ ಮಾರಿ ಕೂಡಿಟ್ಟದ್ದರಲ್ಲಿ ತಾನೇ ಒಂದು ಸೀರೆ ಕೊಂಡು, ಅದನ್ನುಟ್ಟು ಖಾನಾಪುರದ ಹಂದರದೊಳಗೆ ಬಂದಳು. ಗಾಢ ಗುಲಾಬಿ. ಅಂಗಡಿಯವರು ರಾಣಿ ಬಣ್ಣ ಅನ್ನುತ್ತಾರೆ. ಅಂಚಿನಲ್ಲಿ ಜರಿ. ಆ ಬಣ್ಣಕ್ಕೆ ಅವಳ ಕಪ್ಪು ಮುಖ ದೀಪ ಹಚ್ಚಿದಂತೆ ಬೆಳಗುತ್ತಿತ್ತು. ಹಂದರದಲ್ಲಿದ್ದವರು ತಿರುತಿರುಗಿ ನೋಡಿದರು. ಬಸಲಿಂಗಪ್ಪನೂ ನೋಡಿದ, ಒಂದು ಗಳಿಗೆ ತಂಗಿಯ ಗುರುತೇ ಹತ್ತಲಿಲ್ಲ.

ಅಷ್ಟರಲ್ಲಿ ಬೀಗಿತಿ ಪಕ್ಕದವಳಿಗೆ ಏನೋ ಹೇಳಿ ಮೂಗು ಮುರಿದಳು. ಬೀಗರೆದುರು ಮಾನ ಹೋಯಿತೆನಿಸಿತು ಬಸಲಿಂಗಪ್ಪನಿಗೆ. ಎಲ್ಲರಿಗೂ ಕೇಳುವಂತೆ, ನಗುನಗುತ್ತಲೇ ಅಂದುಬಿಟ್ಟ.

"ರಾಣಿ ಬಣ್ಣ ಉಟ್ಟವರೆಲ್ಲಾ ರಾಣಿ ಆಗಂಗಿಲ್ಲ ಸಂಗವ್ವ. ಒಳಗ ಹೋಗಿ ಬದ್ಲಿ ಮಾಡ್ಕೊಂಡ ಬಾ."

ಬೀಗರು ನಕ್ಕರು. ಸಂಗವ್ವ ಸೀರೆ ಬದಲಿಸಲಿಲ್ಲ. ಅಕ್ಷತೆ ಬೀಳುವವರೆಗೆ ಕಂಬದ ಹತ್ತಿರ ನಿಂತಿದ್ದು, ಊಟಕ್ಕೆ ಕೂಡದೆ ಮಗಳ ಕೈಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ಆಮೇಲೆ ಅವಳು ಖಾನಾಪುರಕ್ಕೆ ಕಾಲಿಡಲಿಲ್ಲ. ಬಸಲಿಂಗಪ್ಪನೂ ಹೋಗಲಿಲ್ಲ. ಪಂಚಮಿ ಬಂದಾಗಲೆಲ್ಲ ಮುಂದಿನ ವರ್ಷ ಹೋದರಾಯಿತು ಅಂದುಕೊಳ್ಳುತ್ತಿದ್ದ. ಈ ಸಲವೂ ಪಂಚಮಿ ಹಾಗೆಯೇ ದಾಟಿತ್ತು, ಶ್ರಾವಣ ಮುಗಿಯುವುದರೊಳಗೆ ಸಂಗವ್ವನೇ ದಾಟಿದಳು.

*

ಶಹಾಪುರದ ಓಣಿಯಲ್ಲಿ ಜನ ಛತ್ರಿ ಹಿಡಿದು ನಿಂತಿದ್ದರು. ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಸಂಗವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹಳೆಯ ಸೀರೆಯೊಂದನ್ನು ಮೈಗೆ ಸುತ್ತಿದ್ದರು. ಬಸಲಿಂಗಪ್ಪ ಬಂದಾಗ ಭಜನೆಯವರು ಹಾಡು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ನಾಗಲಿಂಗಪ್ಪ ತಲೆ ಎತ್ತಲಿಲ್ಲ.

ಗಂಗಾದೇವಿ ಹೊಸ್ತಿಲಲ್ಲೇ ಅಡ್ಡ ನಿಂತಳು. ಅತ್ತು ಅತ್ತು ಕಣ್ಣು ಬಾತಿದ್ದವು. ಕೈಚಾಚಿ ಪೊಟ್ಟಣ ಇಸಿದುಕೊಂಡು ಅಲ್ಲಿಯೇ ಬಿಚ್ಚಿದಳು. ಅದೇ ಬೂದಿಯೋ ಮಣ್ಣೋ ಇರುತ್ತದೆ, ಮುಖಕ್ಕೆ ಎಸೆದರಾಯಿತು ಎಂದು ಕಾದಿದ್ದಳೇನೋ. ಬಣ್ಣ ಕಂಡದ್ದೇ ಅವಳ ಕೈ ನಿಂತಿತು.

ನಾಗಲಿಂಗಪ್ಪನ ಸೋದರತ್ತೆ ಬಸವಣ್ಣೆವ್ವ ಆ ಮನೆಗೆಲ್ಲ ಹಿರಿಯಳು. ಹಸಿರು ಎಲ್ಲಿ ಎಂದು ಕೇಳಿದಳು. ಮುತ್ತೈದೆಗೆ ಹಸಿರು ತರಬೇಕೆಂಬುದೂ ಖಾನಾಪುರದವರಿಗೆ ಗೊತ್ತಿಲ್ಲವೇ ಎಂದು ಗೊಣಗಿದಳು. ಉಳವಪ್ಪ ನಾನು ಆಗಲೇ ಹೇಳಿದ್ದೆ ಎಂಬಂತೆ ನೆಲ ನೋಡಿದ.

ಗಂಗಾದೇವಿಯ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಸುವಂತಿತ್ತು.

"ಅವತ್ತ ಇದ ಬಣ್ಣ ಬಿಚ್ಚ ಅಂದಾಂವ ನೀನ ಮಾಮಾ. ಆ ಸೀರಿ ಆಕಿ ಮತ್ತ ಉಡಲಿಲ್ಲ, ಹರದ ಕೌದಿಗೆ ಕೊಟ್ಟಳು. ಈಗ ಆಕಿಗೆ ಬ್ಯಾಡ ಅನ್ನಾಕ ಬರಂಗಿಲ್ಲಂತ ತಂದಿಯೇನು?"

ಬೀಗಿತಿಯ ಮೂಗು, ಮಗಳ ಸಂಸಾರ, ಹೇಳಬಹುದಾದ ನೆಪಗಳೆಲ್ಲ ಬಸಲಿಂಗಪ್ಪನ ಬಾಯಿಗೆ ಬಂದವು. ಎಲ್ಲವನ್ನೂ ಬದಿಗಿಟ್ಟ.

"ಆಕಿಗೆ ಒಪ್ಪತಿತ್ತವ್ವ," ಎಂದ.

"ಹಂಗಾರ ಬಾ, ಹಿಡದ ನೋಡು."

ಅವಳು ಪಕ್ಕಕ್ಕೆ ಸರಿದಳು. ಬಸಲಿಂಗಪ್ಪ ಒಳಗೆ ಹೋಗಿ ತಂಗಿಯ ಮುಂದೆ ಮಂಡಿಯೂರಿದ. ಸೆರಗು ಬಿಚ್ಚಿ, ಅವಳ ಗದ್ದದ ಕೆಳಗೆ ಹಿಡಿದ.

ಒಪ್ಪಲಿಲ್ಲ. ಸಂಗವ್ವನ ಮೈಯ ಕಪ್ಪು ಹಿಂದಿನ ರಾತ್ರಿಯೇ ಹೊರಟುಹೋಗಿತ್ತು. ತುಟಿ, ಕೆನ್ನೆ, ಕಣ್ಣರೆಪ್ಪೆ ಎಲ್ಲವೂ ಬೂದಿ. ವರ್ಷಗಟ್ಟಲೆ ಅವನು ಆರಿಸಿ ಆರಿಸಿ ತಂದ ಬಣ್ಣವನ್ನೇ ಸಾವು ಅವಳ ಮುಖಕ್ಕೆ ಬಳಿದಿತ್ತು. ಅದರ ಪಕ್ಕದಲ್ಲಿ ಆ ರಾಣಿ ಬಣ್ಣ ಯಾರದೋ ಮದುವೆಯಿಂದ ತಪ್ಪಿಸಿಕೊಂಡು ಬಂದ ಹಾಗಿತ್ತು. ಬಸಲಿಂಗಪ್ಪ ಸೆರಗು ಕೆಳಗಿಳಿಸಿ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ.

ಗಂಗಾದೇವಿ ಅವ್ವನ ಮುಖವನ್ನೇ ನೋಡಿದಳು. ಆಮೇಲೆ ಮಾಮನ ಕೈಯಿಂದ ಸೀರೆ ತೆಗೆದುಕೊಂಡು ಬಸವಣ್ಣೆವ್ವನ ಮಡಿಲಲ್ಲಿ ಇಟ್ಟಳು.

"ಉಡಸ ಆಯಿ," ಎಂದಳು. "ಹಸರ ಬಳಿ ಅದಾವಲ್ಲ ಕೈಯಾಗ, ಸಾಕು."

ಮುದುಕಿ ಒಂದಿಷ್ಟು ಗೊಣಗಿದಳು. ಆದರೆ ನಿರಿಗೆಗಳನ್ನು ಮದುವಣಗಿತ್ತಿಗೆ ಹಿಡಿಯುವಷ್ಟೇ ಅಚ್ಚುಕಟ್ಟಾಗಿ ಹಿಡಿದಳು.

ಸುಡುಗಾಡು ಮುಟ್ಟುವವರೆಗೂ ಮಳೆ ಬಿಡಲಿಲ್ಲ. ಕುಣಿಯೊಳಗೆ ಇಳಿಸಲು ನಾಗಲಿಂಗಪ್ಪನ ಕಡೆಯವರೊಬ್ಬರು, ತವರಿನವರೊಬ್ಬರು ಬೇಕೆಂದರು. ಉಳವಪ್ಪ ಮುಂದೆ ಬಂದ, ಬಸಲಿಂಗಪ್ಪ ಅವನನ್ನು ಸರಿಸಿ ತಾನೇ ಇಳಿದ. ಮೇಲಿನಿಂದ ಕೊಟ್ಟ ತಂಗಿಯನ್ನು ಎರಡೂ ಕೈಯಲ್ಲಿ ಆನಿಸಿಕೊಂಡಾಗ ಅವಳ ತಲೆ ಅವನ ಹೆಗಲಿಗೆ ಬಂತು. ಅವಳನ್ನು ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಉಪ್ಪು, ವಿಭೂತಿ, ಪತ್ರಿ ಹಾಕಿ ಮೇಲೆ ಹತ್ತಿ ಬಂದ. ಮಣ್ಣು ಬಿತ್ತು.

ಎಲ್ಲರೂ ಕೈಕಾಲು ತೊಳೆಯಲು ನಳದ ಕಡೆ ನಡೆದರು. ಹೊಸ ಸೀರೆ ಮಳೆಗೆ ಬಣ್ಣ ಬಿಟ್ಟಿತ್ತು. ಬಸಲಿಂಗಪ್ಪನ ಬಿಳಿ ಅಂಗಿ ಹೆಗಲಿನಿಂದ ಎದೆಯವರೆಗೆ, ಎರಡೂ ಅಂಗೈ, ಕುತ್ತಿಗೆಯ ಒಂದು ಮಗ್ಗುಲು ಕಡು ಗುಲಾಬಿಯಾಗಿತ್ತು. ಉಳವಪ್ಪ ಚೊಂಬು ತುಂಬಿ ತಂದು, ತೊಳೆದುಕೊ, ಜನ ನೋಡುತ್ತಿದ್ದಾರೆ ಎಂದ. ಬಸಲಿಂಗಪ್ಪ ಚೊಂಬು ಇಸಿದುಕೊಂಡು ಕಾಲಿಗಷ್ಟೇ ನೀರು ಹಾಕಿಕೊಂಡ. ಕೈಗಳನ್ನು ಮಳೆ ತಾಗದಂತೆ ಎದೆಗೆ ಅವುಚಿಕೊಂಡು, ಬೆಳಗಾವಿಯ ರಸ್ತೆಯಲ್ಲಿ ಎಲ್ಲರ ನಡುವೆ ನಡೆದ.